ಗಂಟೆಗೆ 15 ಡಾಲರ್: ಸಿಯಾಟಲ್‌ನಲ್ಲಿ ಯಾರ ಕೈಗೆ ಎಷ್ಟು ಬಂತು?

2014ರ ಜೂನ್ 2ರಂದು ಅಮೆರಿಕದ ಸಿಯಾಟಲ್ ನಗರಸಭೆ ಒಂದು ಕಾನೂನು ಪಾಸು ಮಾಡಿತು. ನಗರದ ಗಡಿಯೊಳಗೆ ದುಡಿಯುವವರಿಗೆ ಹಂತ ಹಂತವಾಗಿ ಗಂಟೆಗೆ ಕನಿಷ್ಠ 15 ಡಾಲರ್ ಕೂಲಿ ಸಿಗಬೇಕು. ಸಭೆಯಲ್ಲಿದ್ದವರು 9 ಸದಸ್ಯರು, 9 ಮತವೂ ಪರವಾಗಿಯೇ ಬಿತ್ತು. ಆಗ ಇಡೀ ದೇಶದ ಕನಿಷ್ಠ ವೇತನ 7.25 ಡಾಲರ್ ಇತ್ತು. ಅದು 2009ರಲ್ಲಿ ಆ ಮಟ್ಟಕ್ಕೆ ಬಂದು ಅಲ್ಲೇ ಕೂತಿತ್ತು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ದರ 9.32 ಡಾಲರ್. ಅಂದರೆ ನಗರಸಭೆ ಒಪ್ಪಿದ್ದು ಹೆಚ್ಚುಕಡಿಮೆ 60 ಶೇಕಡಾ ಏರಿಕೆಗೆ.

ಇಂಥ ಕಾನೂನು ಬಂದಾಗಲೆಲ್ಲ ಒಂದೇ ಜಗಳ ಶುರುವಾಗುತ್ತದೆ. ಕೂಲಿ ಏರಿಸಿದರೆ ಕೆಲಸ ಹೋಗುತ್ತದೆ ಅಂತ ಒಬ್ಬರು, ಏನೂ ಹೋಗೋದಿಲ್ಲ ಅಂತ ಇನ್ನೊಬ್ಬರು. ಸಿಯಾಟಲ್ ಪ್ರಕರಣ ನನಗೆ ಇಷ್ಟವಾಗುವುದು ಅದು ಈ ಎರಡು ಮಾತಿಗೂ ಪೂರ್ತಿ ಒಗ್ಗುವುದಿಲ್ಲ ಎಂಬ ಕಾರಣಕ್ಕೆ. ಅಲ್ಲಿ ದೊಡ್ಡ ಬದಲಾವಣೆ ಆದದ್ದು ಕೆಲಸಗಾರರ ತಲೆ ಎಣಿಕೆಯಲ್ಲಲ್ಲ, ಗಂಟೆಗಳಲ್ಲಿ. ಅದೂ ಎಲ್ಲರ ಗಂಟೆಗಳಲ್ಲಿ ಒಂದೇ ಥರ ಅಲ್ಲ. ಮೊದಲೇ ಒಳಗಿದ್ದ ಅನುಭವಸ್ಥರಿಗೆ ಒಂದು ಫಲ, ಹೊಸಬರಿಗೆ ಇನ್ನೊಂದು, ಇನ್ನೂ ಬಾಗಿಲ ಹೊರಗೆ ನಿಂತಿದ್ದವರಿಗೆ ಮತ್ತೊಂದು.

ಕಾನೂನು ಬಂದ ದಾರಿ

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2012ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫಾಸ್ಟ್ ಫುಡ್ ಕೆಲಸಗಾರರು ಒಂದು ದಿನ ಕೆಲಸ ಬಿಟ್ಟು ಬೀದಿಗಿಳಿದರು. ಬೇಡಿಕೆ 15 ಡಾಲರ್. ಮುಂದಿನ ವರ್ಷ ಆ ಮುಷ್ಕರ ಸಿಯಾಟಲ್‌ಗೂ ಬಂತು. ಪಕ್ಕದಲ್ಲೇ ವಿಮಾನ ನಿಲ್ದಾಣ ಇರುವ ಸೀಟ್ಯಾಕ್ ಅಂತ ಪುಟ್ಟ ಊರಿದೆ. ಅಲ್ಲಿ 2013ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ, ಹೋಟೆಲ್ ಮತ್ತು ಸಾರಿಗೆ ಕೆಲಸಗಾರರಿಗೆ 15 ಡಾಲರ್ ಗೊತ್ತುಮಾಡಿದರು. ಗೆದ್ದ ಅಂತರ ಬರೀ 77 ಮತ. ಅದೇ ಚುನಾವಣೆಯಲ್ಲಿ ಸಿಯಾಟಲ್ ನಗರಸಭೆಗೆ ಕ್ಷಮಾ ಸಾವಂತ್ ಆರಿಸಿ ಬಂದರು. ಪುಣೆಯಲ್ಲಿ ಹುಟ್ಟಿ, ಮುಂಬೈಯಲ್ಲಿ ಬೆಳೆದು, ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದವರು, ಬಹಿರಂಗವಾಗಿಯೇ ಸಮಾಜವಾದಿ. ಅವರ ಪ್ರಚಾರದ ಮುಖ್ಯ ಮಾತೇ 15 ಡಾಲರ್.

ಹೊಸ ಮೇಯರ್ ಎಡ್ ಮುರ್ರೆ ಒಂದು ಸಮಿತಿ ಮಾಡಿದರು. ಅದಕ್ಕೆ ಇಬ್ಬರು ಮುಖ್ಯಸ್ಥರು: ಒಬ್ಬರು ಕಾರ್ಮಿಕ ಸಂಘದ ನಾಯಕ ಡೇವಿಡ್ ರಾಲ್ಫ್, ಇನ್ನೊಬ್ಬರು ಹೋಟೆಲ್ ಉದ್ಯಮಿ ಹೊವರ್ಡ್ ರೈಟ್. ಇಬ್ಬರನ್ನೂ ಒಂದೇ ಮೇಜಿನ ಎದುರು ಬದುರು ಕೂರಿಸಿದ್ದರಿಂದಲೇ ಕಾನೂನು ಅಷ್ಟು ಜಟಿಲವಾಯಿತು. ಅದು ಒಂದು ರಾಜಿ. ರಾಜಿ ಅಂದ ಮೇಲೆ ವಿನಾಯಿತಿಗಳು ಇರಲೇಬೇಕಲ್ವಾ?

ಒಂದೇ ಕಾನೂನು, ನಾಲ್ಕು ದರ

2015ರ ಏಪ್ರಿಲ್ 1ರಂದು ಮೊದಲ ಹಂತ ಜಾರಿಗೆ ಬಂತು. ಅದಕ್ಕೆ ಮುಂಚೆ ರಾಜ್ಯದ ದರ 9.47 ಆಗಿತ್ತು. ಸಿಯಾಟಲ್‌ನಲ್ಲಿ ಅದು 11ಕ್ಕೆ ಏರಿತು. 2016ರ ಜನವರಿಯಲ್ಲಿ ದೊಡ್ಡ ಕಂಪನಿಗಳಿಗೆ 13, 2017ರ ಜನವರಿಯಲ್ಲಿ 15.

ಆದರೆ ಇದು ಎಲ್ಲರಿಗೂ ಅಲ್ಲ. 500ಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ದೊಡ್ಡ ಕಂಪನಿ, ಇಲ್ಲದಿದ್ದರೆ ಸಣ್ಣದು. ದೊಡ್ಡವರಲ್ಲೂ ಆರೋಗ್ಯ ವಿಮೆಗೆ ಹಣ ಕಟ್ಟುವವರಿಗೆ ಒಂದು ವರ್ಷ ಹೆಚ್ಚಿನ ಸಮಯ ಇತ್ತು. 2017ರಲ್ಲಿ ಅವರು 13.50 ಕೊಟ್ಟರೆ ಸಾಕಿತ್ತು. ಸಣ್ಣವರಲ್ಲಿ, ಕೆಲಸಗಾರರಿಗೆ ಟಿಪ್ಸ್ ಬರುತ್ತಿದ್ದರೆ ಅಥವಾ ಓನರ್ ವಿಮೆ ಕಟ್ಟುತ್ತಿದ್ದರೆ ದರ ಇನ್ನೂ ಕಡಿಮೆ. ಅದೇ 2017ರಲ್ಲಿ ಅಂಥ ಕಡೆ 11 ಡಾಲರ್ ಕೊಟ್ಟರೂ ಕಾನೂನು ಪಾಲಿಸಿದಂತೆಯೇ. ಹಾಗಾಗಿ ಒಂದೇ ಬೀದಿಯಲ್ಲಿ ಒಂದೇ ಥರದ ಕೆಲಸ ಮಾಡುವ ಇಬ್ಬರಿಗೆ ಕನಿಷ್ಠ ವೇತನವೇ 4 ಡಾಲರ್‌ನಷ್ಟು ಬೇರೆ ಇರಬಹುದಿತ್ತು. ಇನ್ನೊಂದು ಮಾತು. 400 ಜನ ಕೆಲಸಕ್ಕಿರುವ ರೆಸ್ಟೋರೆಂಟ್ ಬಳಗವೂ ಈ ಲೆಕ್ಕದಲ್ಲಿ ಸಣ್ಣದೇ!

ಫ್ರಾಂಚೈಸಿಗಳ, ಅಂದರೆ ದೊಡ್ಡ ಸರಪಳಿಯ ಹೆಸರು ಪಡೆದು ಬೇರೆಯವರು ನಡೆಸುವ ಅಂಗಡಿಗಳ, ವಿಷಯದಲ್ಲಿ ಇದು ಉಲ್ಟಾ ಹೊಡೆಯಿತು. ಹತ್ತಾರು ಜನರಿರುವ ಒಂದು ಬರ್ಗರ್ ಅಂಗಡಿಯಾದರೂ, ಅದರ ಬೋರ್ಡಿನ ಮೇಲಿನ ಹೆಸರು ದೇಶಾದ್ಯಂತ ಇರುವ ಸರಪಳಿಯದ್ದಾದರೆ ಇಡೀ ಸರಪಳಿಯ ಜನರನ್ನು ಎಣಿಸಿ ಅದನ್ನು ದೊಡ್ಡದು ಎಂದರು. ಫ್ರಾಂಚೈಸಿಗಳ ಸಂಘ ಕೋರ್ಟಿಗೆ ಹೋಯಿತು. ಮೇಲ್ಮನವಿ ಕೋರ್ಟಿನಲ್ಲೂ ಸೋತಿತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ.

ಗಂಟೆಯ ಲೆಕ್ಕ ಬರೆದಿಡುವ ರಾಜ್ಯ

ಕನಿಷ್ಠ ವೇತನದ ಹೆಚ್ಚಿನ ಅಧ್ಯಯನಗಳಿಗೆ ಒಂದು ಮಿತಿ ಇರುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಂಪನಿಗಳು ಸರ್ಕಾರಕ್ಕೆ ಕೊಡುವ ವರದಿಯಲ್ಲಿ ಎಷ್ಟು ಜನ, ಒಟ್ಟು ಎಷ್ಟು ಸಂಬಳ ಅಂತ ಮಾತ್ರ ಇರುತ್ತದೆ. ಒಬ್ಬಾಕೆ ಮೂರು ತಿಂಗಳಲ್ಲಿ 3,000 ಡಾಲರ್ ಗಳಿಸಿದಳು ಅಂತ ಗೊತ್ತಾಗುತ್ತದೆ. ಕಡಿಮೆ ಕೂಲಿಗೆ ಜಾಸ್ತಿ ಗಂಟೆ ದುಡಿದಳೋ, ಜಾಸ್ತಿ ಕೂಲಿಗೆ ಕಡಿಮೆ ಗಂಟೆಯೋ ಎಂಬುದು ಗೊತ್ತಾಗುವುದಿಲ್ಲ.

ವಾಷಿಂಗ್ಟನ್ ರಾಜ್ಯದಲ್ಲಿ ನಿರುದ್ಯೋಗ ವಿಮೆಗಾಗಿ ಪ್ರತಿ ಕೆಲಸಗಾರರ ಗಂಟೆಗಳನ್ನೂ ಬರೆದು ಕೊಡಬೇಕು. ಆಗ ಈ ಪದ್ಧತಿ ಇದ್ದದ್ದು ಇದೂ ಸೇರಿ ಬರೀ ನಾಲ್ಕು ರಾಜ್ಯಗಳಲ್ಲಿ. ಸಿಯಾಟಲ್‌ನಂಥ ದೊಡ್ಡ ಏರಿಕೆ ಇಂಥ ರಾಜ್ಯದಲ್ಲೇ ನಡೆದದ್ದು ಸಂಶೋಧಕರ ಅದೃಷ್ಟ. ನಗರಸಭೆಯೂ ಒಂದು ಒಳ್ಳೆಯ ಕೆಲಸ ಮಾಡಿತು. ಕಾನೂನಿನ ಪರಿಣಾಮ ನೋಡಲು ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡಕ್ಕೆ ಹಣ ಕೊಟ್ಟಿತು. ತಾನೇ ಮಾಡಿದ ಕಾನೂನನ್ನು ಹೊರಗಿನವರಿಂದ ಅಳೆಸುವ ಸರ್ಕಾರಗಳು ಎಷ್ಟಿವೆ ಹೇಳಿ.

ಒಂದೇ ತಿಂಗಳು, ಎರಡು ವರದಿ

2017ರ ಜೂನ್‌ನಲ್ಲಿ ಎರಡು ವರದಿಗಳು ಬೆನ್ನುಬೆನ್ನಿಗೆ ಬಂದವು.

ಮೊದಲನೆಯದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಮೈಕೆಲ್ ರೈಶ್ ತಂಡದ್ದು. ಅವರು ನೋಡಿದ್ದು ರೆಸ್ಟೋರೆಂಟ್‌ನಂಥ ಊಟ ತಿಂಡಿಯ ಜಾಗಗಳ ಕೆಲಸಗಳನ್ನು ಮಾತ್ರ. ಕೂಲಿ ಏರಿದೆ, ಉದ್ಯೋಗದ ಸಂಖ್ಯೆಯಲ್ಲಿ ಗುರುತಿಸುವಷ್ಟು ಇಳಿತ ಇಲ್ಲ ಎಂದರು.

ಕೆಲವೇ ದಿನಗಳಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವರದಿ ಬಂತು. ಜೇಕಬ್ ವಿಗ್ಡೋರ್ ಮತ್ತು ಸಂಗಡಿಗರು ಎಲ್ಲ ವಲಯಗಳನ್ನೂ ನೋಡಿದ್ದರು. ಗಂಟೆಗೆ 19 ಡಾಲರ್‌ಗಿಂತ ಕಡಿಮೆ ಸಿಗುವ ಕೆಲಸಗಳಲ್ಲಿ, 13ರ ಹಂತ ಬಂದ ಮೇಲೆ ಒಟ್ಟು ಗಂಟೆಗಳು ಸುಮಾರು 9 ಶೇಕಡಾ ಇಳಿದಿವೆ. ಗಂಟೆಯ ಕೂಲಿ ಏರಿದ್ದು ಸುಮಾರು 3 ಶೇಕಡಾ ಮಾತ್ರ. ಗುಣಿಸಿ ನೋಡಿದರೆ ಕಡಿಮೆ ಕೂಲಿಯ ಒಬ್ಬ ಕೆಲಸಗಾರನಿಗೆ ಸರಾಸರಿ ತಿಂಗಳಿಗೆ 125 ಡಾಲರ್ ನಷ್ಟ.

ಗಲಾಟೆ ಎದ್ದಿತು. ಕೂಲಿ ಏರಿಕೆಯ ವಿರೋಧಿಗಳಿಗೆ 125 ಎಂಬ ಸಂಖ್ಯೆ ಹಬ್ಬವಾಯಿತು. ಪರವಾಗಿದ್ದವರು ಬರ್ಕ್ಲಿ ವರದಿ ಹಿಡಿದುಕೊಂಡರು. ಎರಡು ತಂಡಗಳು ಪರಸ್ಪರ ವಿರುದ್ಧ ಸತ್ಯ ಹೇಳುತ್ತಿವೆ ಅನ್ನುವ ಹಾಗೆ ಸುದ್ದಿಯಾಯಿತು. ಆದರೆ ತಾಳ್ಮೆಯಿಂದ ಓದಿದರೆ ಅಷ್ಟೊಂದು ವಿರೋಧ ಇಲ್ಲ. ಬರ್ಕ್ಲಿಯವರ ಹತ್ತಿರ ಗಂಟೆಗಳ ಲೆಕ್ಕವೇ ಇರಲಿಲ್ಲ. ಅವರು ಎಣಿಸಿದ್ದು ಉದ್ಯೋಗಗಳನ್ನು. ವಿಗ್ಡೋರ್ ತಂಡವೂ ರೆಸ್ಟೋರೆಂಟ್‌ಗಳನ್ನು ಮಾತ್ರ ತೆಗೆದುಕೊಂಡು, ಎಲ್ಲ ಸಂಬಳದವರನ್ನೂ ಸೇರಿಸಿ, ಬರೀ ತಲೆ ಎಣಿಸಿದಾಗ ಹೆಚ್ಚುಕಡಿಮೆ ಅದೇ ಉತ್ತರ ಬಂತು: ಪರಿಣಾಮ ಶೂನ್ಯದ ಹತ್ತಿರ. ಗಂಟೆಗಳನ್ನು ನೋಡಿದಾಗ, ಅದೂ ಕಡಿಮೆ ಕೂಲಿಯವರ ಗಂಟೆಗಳನ್ನು ನೋಡಿದಾಗ, ಚಿತ್ರ ಬದಲಾಯಿತು.

ಓನರ್ ಜಾಗದಲ್ಲಿ ನಿಂತು ನೋಡಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಖರ್ಚು ಏರಿತು ಅಂತ ಕೆಲಸದವರನ್ನು ತೆಗೆದುಹಾಕುವುದು ಯಾರಿಗೂ ಸುಲಭದ ಕೆಲಸವಲ್ಲ. ಆದರೆ ಮಧ್ಯಾಹ್ನ 3ಕ್ಕೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಬ್ಬರ ಬದಲು ಒಬ್ಬರನ್ನು ನಿಲ್ಲಿಸಬಹುದು. ಬೆಳಗ್ಗೆ ಅರ್ಧ ಗಂಟೆ ತಡವಾಗಿ ಬಾಗಿಲು ತೆಗೆಯಬಹುದು. ಒಂದು ಶಿಫ್ಟಿನ ಕೊನೆಯ ಗಂಟೆಯನ್ನು ಕತ್ತರಿಸಬಹುದು. ಪಟ್ಟಿಯಲ್ಲಿ ಹೆಸರುಗಳು ಅಷ್ಟೇ ಇರುತ್ತವೆ, ಗಂಟೆಗಳು ಮಾತ್ರ ಸವೆಯುತ್ತವೆ.

125 ಡಾಲರ್ ಎಲ್ಲಿಂದ ಬಂತು?

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬಾಕೆ ವಾರಕ್ಕೆ 30 ಗಂಟೆ, 9.47ರ ದರದಲ್ಲಿ ದುಡಿಯುತ್ತಿದ್ದಳು ಅಂದುಕೊಳ್ಳಿ. ವಾರಕ್ಕೆ 284 ಡಾಲರ್. ಈಗ ದರ 13. ಗಂಟೆ ಅಷ್ಟೇ ಇದ್ದರೆ 390. ವಾರಕ್ಕೆ 5 ಗಂಟೆ ಕತ್ತರಿಸಿದರೂ 325, ಅಂದರೆ ಮೊದಲಿಗಿಂತ ಜಾಸ್ತಿಯೇ. ಅವಳಿಗೆ ನಷ್ಟ ಆಗಬೇಕಾದರೆ ಗಂಟೆಗಳು 22ಕ್ಕಿಂತ ಕೆಳಗೆ ಇಳಿಯಬೇಕು. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ ಕಡಿತ.

ಹಾಗಾದರೆ 9 ಶೇಕಡಾ ಕಡಿತಕ್ಕೇ ನಷ್ಟ ಹೇಗೆ ಬಂತು? ಅವರು ಲೆಕ್ಕ ಹಾಕಿದ್ದು 19 ಡಾಲರ್‌ಗಿಂತ ಕೆಳಗಿದ್ದ ಎಲ್ಲರನ್ನೂ ಸೇರಿಸಿ. ಅವರಲ್ಲಿ 14, 16, 18 ಡಾಲರ್ ಸಿಗುತ್ತಿದ್ದವರೂ ಇದ್ದರು. ಅವರ ಕೂಲಿಯನ್ನು ಕಾನೂನು ನೇರವಾಗಿ ಮುಟ್ಟಲೇ ಇಲ್ಲ. ಹಾಗಾಗಿ ಸರಾಸರಿ ಏರಿಕೆ ಬರೀ 3 ಶೇಕಡಾ ಅನ್ನಿಸಿತು. ಈ ಗುಂಪಿನಲ್ಲಿ ಗಂಟೆಗಳು ಕಡಿಮೆಯಾಗಲು ಇನ್ನೊಂದು ದಾರಿಯೂ ಇದೆ. ಒಬ್ಬನ ಕೂಲಿ 18ರಿಂದ 20ಕ್ಕೆ ಏರಿದರೆ ಅವನು ಗುಂಪಿನಿಂದಲೇ ಹೊರಗೆ ಹೋಗುತ್ತಾನೆ. ಅವನ ಗಂಟೆಗಳು ಕಳೆದುಹೋದಂತೆ ಕಾಣುತ್ತವೆ. ಆ ವರ್ಷಗಳಲ್ಲಿ ಸಿಯಾಟಲ್ ಹೇಗಿತ್ತು? ಅಮೆಜಾನ್ ನಗರದ ನಡುಮಧ್ಯೆ ಕಟ್ಟಡದ ಮೇಲೆ ಕಟ್ಟಡ ಏರಿಸುತ್ತಿತ್ತು. ನಿರುದ್ಯೋಗ ತೀರಾ ಕಡಿಮೆ. ಕೆಲಸಗಾರರಿಗೆ ಬೇಡಿಕೆ ಜೋರಾಗಿತ್ತು. ಕಾನೂನು ಇಲ್ಲದಿದ್ದರೂ ಎಷ್ಟೋ ಜನರ ಕೂಲಿ 19 ದಾಟುತ್ತಿತ್ತು.

ಇನ್ನೂ ಒಂದು ತೊಡಕಿತ್ತು. ಹಲವು ಕಡೆ ಶಾಖೆಗಳಿರುವ ಕಂಪನಿಗಳು ವರದಿಯನ್ನು ಒಟ್ಟಿಗೆ ಕೊಡುತ್ತವೆ. ಯಾವ ಗಂಟೆ ಸಿಯಾಟಲ್‌ನದು, ಯಾವುದು ಹೊರಗಿನದು ಅಂತ ಬಿಡಿಸಲು ಆಗದೆ ತಂಡ ಅವುಗಳನ್ನು ಕೈಬಿಟ್ಟಿತ್ತು. ಕೆಲಸಗಾರರಲ್ಲಿ ಸುಮಾರು 40 ಶೇಕಡಾ ಜನ ಇದರಿಂದ ಲೆಕ್ಕಕ್ಕೆ ಬರಲಿಲ್ಲ. ದೊಡ್ಡ ಸರಪಳಿ ಅಂಗಡಿಗಳು ಹೊರಗೆ ಉಳಿದವು ಅಂದರೆ, ಅತಿ ಬೇಗ 15 ಮುಟ್ಟಬೇಕಿದ್ದವರೇ ಹೊರಗೆ ಉಳಿದರು ಎಂದರ್ಥ.

ಆ ತಂಡದ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಲೇಖನ ಕೊನೆಗೆ 2022ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದಾಗ, ಒಟ್ಟು ಗಂಟೆಗಳ ಲೆಕ್ಕ ಪರಿಣಾಮವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತಿರಬಹುದು ಎಂದು ಅವರೇ ಬರೆದರು. ಆದರೂ ಇಂದಿಗೂ ವಾದಗಳಲ್ಲಿ 125 ಓಡಾಡುತ್ತಲೇ ಇರುತ್ತದೆ. ಒಮ್ಮೆ ಸುದ್ದಿಯಾದ ಸಂಖ್ಯೆಗೆ ನಿವೃತ್ತಿ ಇಲ್ಲ ನೋಡಿ.

ಅದೇ ಜನರ ಬೆನ್ನು ಹತ್ತಿದಾಗ

ನನ್ನ ಪ್ರಕಾರ ಈ ಪ್ರಕರಣದ ನಿಜವಾದ ತಿರುಳು ಇರುವುದು ಅದೇ ತಂಡದ 2018ರ ವರದಿಯಲ್ಲಿ. ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಈ ಸಲ ಅವರು ಗುಂಪುಗಳನ್ನು ಬಿಟ್ಟು ಒಬ್ಬೊಬ್ಬ ಕೆಲಸಗಾರರನ್ನು ಹಿಂಬಾಲಿಸಿದರು. ಕೂಲಿ ಏರುವ ಮುಂಚೆಯೇ ಸಿಯಾಟಲ್‌ನಲ್ಲಿ ಕಡಿಮೆ ಕೂಲಿಗೆ ದುಡಿಯುತ್ತಿದ್ದವರನ್ನು ತೆಗೆದುಕೊಂಡರು. ಅಂಥದ್ದೇ ಕೆಲಸ, ಅಷ್ಟೇ ಕೂಲಿ, ಅಂಥದ್ದೇ ಹಿನ್ನೆಲೆ ಇದ್ದ ಆದರೆ ರಾಜ್ಯದ ಬೇರೆ ಕಡೆ ದುಡಿಯುತ್ತಿದ್ದವರನ್ನು ಜೋಡಿಯಾಗಿ ಹುಡುಕಿದರು. ಆಮೇಲೆ ಇಬ್ಬರಿಗೂ ಏನಾಯಿತು ಅಂತ ನೋಡಿದರು. 19ರ ಗೆರೆ ದಾಟಿದವರು ಮಾಯವಾಗುವ ಸಮಸ್ಯೆ ಇಲ್ಲಿ ಇರಲಿಲ್ಲ.

ಮೊದಲನೆಯದಾಗಿ, ಇವರು ಕೆಲಸ ಕಳೆದುಕೊಳ್ಳಲಿಲ್ಲ. ಗಂಟೆಗಳು ಸ್ವಲ್ಪ ಇಳಿದವು, ಆದರೆ ಕೂಲಿ ಅದಕ್ಕಿಂತ ಜಾಸ್ತಿ ಏರಿತು. ಕೊನೆಗೆ ಕೈಗೆ ಬಂದದ್ದು ಸರಾಸರಿ ವಾರಕ್ಕೆ 8ರಿಂದ 12 ಡಾಲರ್ ಹೆಚ್ಚು. 2017ರ ನಷ್ಟದ ಕಥೆ ಇಲ್ಲಿ ಲಾಭದ ಕಥೆಯಾಯಿತು. ಸಣ್ಣ ಲಾಭವೇ ಸರಿ. ಗಂಟೆಗೆ 3 ಡಾಲರ್ ಏರಿತು ಅಂತ ಕೇಳಿದವರಿಗೆ ವಾರಕ್ಕೆ 10 ಡಾಲರ್ ಅಂದರೆ ನಿರಾಸೆಯಾಗಬಹುದು.

ಈಗ ಆ 10 ಡಾಲರನ್ನು ಒಡೆದು ನೋಡಿ. ಹಿಂದಿನ ದುಡಿಮೆಯ ಲೆಕ್ಕ ನೋಡಿ ಕೆಲಸಗಾರರನ್ನು ಎರಡು ಪಾಲು ಮಾಡಿದರು, ಅನುಭವ ಹೆಚ್ಚಿದ್ದವರು ಒಂದು ಕಡೆ, ಕಡಿಮೆ ಇದ್ದವರು ಇನ್ನೊಂದು ಕಡೆ. ಇಡೀ ಲಾಭ ಹೋದದ್ದು ಅನುಭವಸ್ಥರಿಗೆ. ಹೊಸಬರ ವಾರದ ಗಳಿಕೆಯಲ್ಲಿ ಲೆಕ್ಕಕ್ಕೆ ಸಿಗುವಂಥ ಬದಲಾವಣೆ ಇಲ್ಲ. ಕೂಲಿ ಏರಿದಷ್ಟನ್ನೂ ಕಡಿಮೆ ಗಂಟೆ ನುಂಗಿತ್ತು.

ಹೊಸಬರಿಗೆ ಲಾಭವೇ ಆಗಲಿಲ್ಲ ಅಂತ ಇದರ ಅರ್ಥ ಅಲ್ಲ. ಅಷ್ಟೇ ದುಡ್ಡಿಗೆ ಕಡಿಮೆ ದುಡಿಮೆ ಅಂದರೆ ಅದೂ ಒಂದು ಲಾಭವೇ. ಉಳಿದ ಗಂಟೆಗಳಲ್ಲಿ ಓದುವವರಿಗೆ, ಮಗು ನೋಡಿಕೊಳ್ಳುವವರಿಗೆ ಅದು ಬೆಲೆಬಾಳುತ್ತದೆ. ಆದರೆ ಹೊಸಬರಿಗೆ ಗಂಟೆ ಅಂದರೆ ಬರೀ ದುಡ್ಡಲ್ಲ, ಕಲಿಕೆಯೂ ಹೌದು. ಇವತ್ತು ಕಡಿಮೆ ಗಂಟೆ ಸಿಕ್ಕಿದವನು ನಾಳೆ ಅನುಭವಸ್ಥ ಆಗುವುದು ತಡವಾಗುತ್ತದೆ. ಈ ನಷ್ಟ ಯಾವ ಪಗಾರದ ಚೀಟಿಯಲ್ಲೂ ಕಾಣುವುದಿಲ್ಲ.

ಅನುಭವಸ್ಥರ ಲಾಭದಲ್ಲೂ ಒಂದು ಕೊಸರು ಇದೆ. ಅದರಲ್ಲಿ ಸುಮಾರು ಕಾಲು ಭಾಗ ಬಂದದ್ದು ಸಿಯಾಟಲ್‌ನ ಹೊರಗಿನ ಕೆಲಸದಿಂದ. ನಗರದಲ್ಲಿ ಗಂಟೆಗಳು ಕಡಿಮೆಯಾದಾಗ ಅವರು ಗಡಿಯಾಚೆ, ಕಡಿಮೆ ಕೂಲಿಯ ಊರುಗಳಲ್ಲಿ ಇನ್ನಷ್ಟು ದುಡಿದು ತುಂಬಿಸಿಕೊಂಡರು. ಎರಡು ಕಡೆ ಓಡಾಡುವ ಬಸ್ಸಿನ ಖರ್ಚು, ಹೊತ್ತು ಇದನ್ನೆಲ್ಲ ಯಾರೂ ಕಳೆದು ತೋರಿಸಿಲ್ಲ. ಒಂದೇ ನಗರ ಕೂಲಿ ಏರಿಸಿ ಸುತ್ತಲಿನವು ಏರಿಸದಿದ್ದರೆ ಹೀಗೇ ಆಗುವುದು.

ಬಾಗಿಲ ಹೊರಗಿನವರು

ಅದೇ ವರದಿಯಲ್ಲಿ ಇನ್ನೆರಡು ವಿಷಯಗಳಿವೆ. ಕೆಲಸ ಬಿಟ್ಟು ಹೋಗುವವರ ಪ್ರಮಾಣ 8 ಶೇಕಡಾ ಇಳಿಯಿತು. ಮತ್ತು ಕಡಿಮೆ ಕೂಲಿಯ ಕೆಲಸಕ್ಕೆ ಹೊಸದಾಗಿ ಬಂದು ಸೇರುವವರ ಪ್ರಮಾಣವೂ ಇಳಿಯಿತು. ಇವೆರಡನ್ನೂ ಜೊತೆಗಿಟ್ಟು ನೋಡಬೇಕು.

ಕೂಲಿ ಚೆನ್ನಾಗಿದ್ದರೆ ಜನ ಸುಮ್ನೆ ಬಿಟ್ಟು ಹೋಗುವುದಿಲ್ಲ. ಓನರ್‌ಗೆ ಇದು ನಿಜವಾದ ಉಳಿತಾಯ. ಪ್ರತಿ ಸಲ ಹೊಸಬರನ್ನು ಹುಡುಕುವುದು, ಕೆಲಸ ಕಲಿಸುವುದು, ಅವರು ಕಲಿಯುವ ತನಕ ಒಡೆದ ಪಾತ್ರೆ, ತಪ್ಪಿದ ಬಿಲ್ಲುಗಳನ್ನು ಸಹಿಸುವುದು ಎಲ್ಲಕ್ಕೂ ಖರ್ಚಿದೆ. ಕೂಲಿ ಏರಿಕೆಯ ಒಂದು ಪಾಲನ್ನು ಈ ಉಳಿತಾಯವೇ ತುಂಬಿಕೊಡುತ್ತದೆ. ಕೂಲಿ ಏರಿದರೂ ಕೆಲಸಗಳು ಕುಸಿಯದೆ ಇರಲು ಇದೂ ಒಂದು ಕಾರಣ. ಆದರೆ ಯಾರೂ ಬಿಟ್ಟು ಹೋಗದಿದ್ದರೆ ಜಾಗ ಖಾಲಿಯಾಗುವುದಿಲ್ಲ. ಖಾಲಿ ಇಲ್ಲದಿದ್ದರೆ ಹೊಸಬರು ಒಳಗೆ ಬರುವುದು ಹೇಗೆ?

ಜೊತೆಗೆ ಆಯ್ಕೆಯೂ ಬದಲಾಗುತ್ತದೆ. 9.47 ಕೊಡುವಾಗ ಓನರ್ ಒಬ್ಬ ಹೈಸ್ಕೂಲು ಹುಡುಗನನ್ನು ಪಾತ್ರೆ ತೊಳೆಯಲು ಇಟ್ಟುಕೊಂಡು ಕಲಿಸೋಣ ಅಂದುಕೊಳ್ಳಬಹುದು. 13 ಅಥವಾ 15 ಕೊಡುವಾಗ ಅದೇ ಕೆಲಸಕ್ಕೆ ಎರಡು ವರ್ಷ ಅನುಭವ ಇರುವವರ ಅರ್ಜಿ ಬಂದಿರುತ್ತದೆ. ಅವರನ್ನು ಬಿಟ್ಟು ಹುಡುಗನನ್ನು ಯಾಕೆ ತೆಗೆದುಕೊಳ್ಳುತ್ತಾನೆ? ರಾಜ್ಯದ ಕಾನೂನಿನಲ್ಲಿ 14, 15 ವರ್ಷದವರಿಗೆ ಕನಿಷ್ಠ ವೇತನದ 85 ಶೇಕಡಾ ಕೊಟ್ಟರೆ ಸಾಕು ಅಂತಿದೆ. 16 ತುಂಬಿದ ಮೇಲೆ ಆ ರಿಯಾಯಿತಿ ಇಲ್ಲ. ಮೊದಲ ಕೆಲಸ ಹುಡುಕುವ ಎಷ್ಟೋ ಜನ ಅದಕ್ಕಿಂತ ದೊಡ್ಡವರೇ: ಈಗಷ್ಟೇ ದೇಶಕ್ಕೆ ಬಂದವರು, ಜೈಲಿನಿಂದ ಹೊರಬಂದವರು, ಹತ್ತು ವರ್ಷ ಮನೆ ನೋಡಿಕೊಂಡು ಈಗ ದುಡಿಯಲು ಹೊರಟವರು. ಈ ಮೂರು ಗುಂಪುಗಳನ್ನು ವರದಿ ಬೇರೆ ಬೇರೆಯಾಗಿ ಅಳೆದಿಲ್ಲ. ಆದರೆ ಒಳಗೆ ಬರುವ ದಾರಿ ಕಿರಿದಾದರೆ ಮೊದಲು ಸಿಕ್ಕಿಹಾಕಿಕೊಳ್ಳುವವರು ಇವರೇ ಅಲ್ವಾ?

ಇವರ ಪರವಾಗಿ ಮಾತಾಡುವವರು ಕಡಿಮೆ. ಕೆಲಸ ಕಳೆದುಕೊಂಡವನಿಗೆ ಹೆಸರಿದೆ, ಮುಖವಿದೆ, ಟೀವಿಯವರು ಮೈಕು ಹಿಡಿಯುತ್ತಾರೆ. ಸಿಗಬೇಕಾಗಿದ್ದ ಕೆಲಸ ಸಿಗದೇ ಹೋದವನಿಗೆ ತಾನು ಕಳೆದುಕೊಂಡೆ ಎಂಬುದೇ ಗೊತ್ತಿರುವುದಿಲ್ಲ.

ಟಿಪ್ಸ್ ತಟ್ಟೆಯ ಜಗಳ

ರೆಸ್ಟೋರೆಂಟ್ ಒಳಗೂ ಎರಡು ಲೋಕಗಳಿವೆ. ಊಟ ಬಡಿಸುವ ಸಪ್ಲೈಯರ್‌ಗೆ ಕೂಲಿಯ ಜೊತೆ ಟಿಪ್ಸ್ ಬರುತ್ತದೆ. ದುಬಾರಿ ಜಾಗವಾದರೆ ಟಿಪ್ಸೇ ಕೂಲಿಗಿಂತ ಜಾಸ್ತಿ. ಒಳಗೆ ಬಿಸಿ ಒಲೆಯ ಮುಂದೆ ನಿಂತ ಅಡುಗೆಯವರಿಗೆ ಬಹಳ ಕಡೆ ಆ ಪಾಲು ಇಲ್ಲ. ಕನಿಷ್ಠ ವೇತನ ಏರಿದಾಗ ಇಬ್ಬರಿಗೂ ಗಂಟೆಗೆ ಅಷ್ಟೇ ಏರುತ್ತದೆ. ಮೊದಲೇ ಜಾಸ್ತಿ ಇದ್ದವರಿಗೂ, ಕಡಿಮೆ ಇದ್ದವರಿಗೂ.

ಕೆಲವು ಓನರ್‌ಗಳು ಇದನ್ನೇ ಅವಕಾಶ ಮಾಡಿಕೊಂಡರು. ಇವಾರ್ಸ್ ಅಂತ ಸಿಯಾಟಲ್‌ನ ಹಳೆಯ ಮೀನೂಟದ ರೆಸ್ಟೋರೆಂಟ್ ಬಳಗ. 2015ರಲ್ಲಿ ತನ್ನ ಸ್ಯಾಮನ್ ಹೌಸ್‌ನಲ್ಲಿ ಹಂತಗಳಿಗೆಲ್ಲ ಕಾಯದೆ ನೇರವಾಗಿ 15 ಡಾಲರ್ ಕೊಡಲು ಶುರುಮಾಡಿತು. ಊಟದ ಬೆಲೆಯನ್ನು 21 ಶೇಕಡಾ ಏರಿಸಿತು, ಟಿಪ್ಸ್ ಕೊಡಬೇಕಾಗಿಲ್ಲ ಎಂದು ಗಿರಾಕಿಗಳಿಗೆ ಹೇಳಿತು. ಬೆಲೆಯೊಳಗೇ ಟಿಪ್ಸ್ ಸೇರಿದ್ದರಿಂದ ಅಡುಗೆಮನೆಯವರಿಗೂ ಪಾಲು ಸಿಗುವ ಹಾಗಾಯಿತು. ಬೇರೆ ಕೆಲವು ಕಡೆ ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿದರು. ಅದರಲ್ಲಿ ಎಷ್ಟು ಕೆಲಸಗಾರರಿಗೆ, ಎಷ್ಟು ಓನರ್‌ಗೆ ಎಂಬ ತಕರಾರು ಅಲ್ಲಿ ಮುಗಿದಿಲ್ಲ.

ಬೆಲೆಗಳ ವಿಷಯ ಬಂದದ್ದರಿಂದ ಒಂದು ಮಾತು. ಕೂಲಿ ಏರಿದರೆ ದಿನಸಿಯೂ ದುಬಾರಿ ಆಗುತ್ತದೆ ಅಂತ ಭಯವಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದವರೇ ಸೂಪರ್‌ಮಾರ್ಕೆಟ್‌ಗಳ ಬೆಲೆ ಹೋಲಿಸಿ ನೋಡಿದರು. ಈ ಕಾನೂನಿನಿಂದ ಏರಿಕೆ ಕಾಣಲಿಲ್ಲ. ಅಂಗಡಿಯ ಖರ್ಚಿನಲ್ಲಿ ದೊಡ್ಡ ಪಾಲು ಸಾಮಾನಿನದು, ಕೂಲಿಯದ್ದು ಸಣ್ಣದು. ರೆಸ್ಟೋರೆಂಟ್‌ನಲ್ಲಿ ಹಾಗಲ್ಲ, ಅಲ್ಲಿ ತಟ್ಟೆಗೆ ಬರುವುದರಲ್ಲಿ ದುಡಿಮೆಯ ಪಾಲು ದೊಡ್ಡದು.

ಗಂಟೆಗಳಿಗೂ ಒಂದು ಕಾನೂನು

ಕೂಲಿಯ ದರ ಕಟ್ಟಿಹಾಕಿದರೆ ಗಂಟೆಗಳು ಜಾರುತ್ತವೆ ಎಂಬುದು ಸಿಯಾಟಲ್‌ನವರಿಗೆ ಗೊತ್ತಿತ್ತೋ ಏನೋ. 2017ರ ಜುಲೈನಲ್ಲಿ ಇನ್ನೊಂದು ಕಾನೂನು ಜಾರಿಗೆ ಬಂತು. ದೊಡ್ಡ ಅಂಗಡಿಗಳು, ಫಾಸ್ಟ್ ಫುಡ್ ಸರಪಳಿಗಳು ಶಿಫ್ಟ್ ಪಟ್ಟಿಯನ್ನು 14 ದಿನ ಮುಂಚೆ ಕೊಡಬೇಕು. ಕೊನೇ ಗಳಿಗೆಯಲ್ಲಿ ಬದಲಾಯಿಸಿದರೆ ಅದಕ್ಕೆ ಹಣ ತೆರಬೇಕು. ಹೆಚ್ಚುವರಿ ಗಂಟೆಗಳಿದ್ದರೆ ಹೊಸಬರನ್ನು ತೆಗೆದುಕೊಳ್ಳುವ ಮುಂಚೆ ಇರುವವರಿಗೆ ಕೇಳಬೇಕು. ಇರುವವರಿಗೆ ಇದು ಒಳ್ಳೆಯದು. ಹೊರಗಿನವರಿಗೆ? ಬಾಗಿಲು ಇನ್ನೂ ಸ್ವಲ್ಪ ಕಿರಿದಾಯಿತು. ಒಳಗಿನವರನ್ನು ಕಾಯುವ ಪ್ರತಿ ನಿಯಮಕ್ಕೂ ಈ ಇನ್ನೊಂದು ಮುಖ ಇರುತ್ತದೆ, ಅದಕ್ಕಾಗಿ ನಿಯಮವೇ ಬೇಡ ಅಂತ ನಾನು ಹೇಳುವುದಿಲ್ಲ.

ನನ್ನ ನಿಲುವು ಇಷ್ಟು. ಸಿಯಾಟಲ್ ಕೂಲಿ ಏರಿಸಿದ್ದು ಸರಿ. ಈಗಾಗಲೇ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರಿಗೆ ಅದರಿಂದ ಒಳಿತಾಯಿತು ಅಥವಾ ಕೊನೆಪಕ್ಷ ಕೆಡುಕಾಗಲಿಲ್ಲ. ಆದರೆ ಮೊದಲ ಕೆಲಸ ಹುಡುಕುವವರಿಗಾಗಿ ಜೊತೆಯಲ್ಲೇ ಏನಾದರೂ ಇಡಬೇಕಿತ್ತು. ತರಬೇತಿಯ ಖರ್ಚಿನಲ್ಲಿ ನಗರಸಭೆ ಪಾಲು ಕೊಡಬಹುದಿತ್ತು. ಸಣ್ಣ ಅಂಗಡಿಗಳು ಹೊಸಬರನ್ನು ತೆಗೆದುಕೊಂಡರೆ ಕೆಲವು ತಿಂಗಳ ನೆರವು ಕೊಡಬಹುದಿತ್ತು. ವಿನಾಯಿತಿಗಳೆಲ್ಲ ಕಂಪನಿಯ ಗಾತ್ರ, ವಿಮೆ, ಟಿಪ್ಸ್ ನೋಡಿ ಬಂದವು. ಕೆಲಸಗಾರರಲ್ಲಿ ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ ಎಂದು ನೋಡಿ ಬರಲಿಲ್ಲ.

ಈ ಫಲಿತಾಂಶವನ್ನು ಎತ್ತಿಕೊಂಡು ಬೇರೆ ಊರಿಗೆ ಹಾಗೇ ಅಂಟಿಸುವುದೂ ತಪ್ಪು. ಸಿಯಾಟಲ್‌ನಲ್ಲಿ ಮಧ್ಯಮ ಸಂಬಳವೇ ಎತ್ತರದಲ್ಲಿತ್ತು, ಉದ್ಯೋಗಗಳು ಉಕ್ಕುತ್ತಿದ್ದವು. 15 ಡಾಲರ್ ಅಲ್ಲಿ ದೊಡ್ಡ ಏರಿಕೆಯಾದರೂ ತಡೆದುಕೊಳ್ಳುವಂಥದ್ದು. ಸಾಮಾನ್ಯ ಕೂಲಿಯೇ 14 ಡಾಲರ್ ಇರುವ, ಕಾರ್ಖಾನೆಗಳು ಮುಚ್ಚುತ್ತಿರುವ ಊರಿನಲ್ಲಿ ಅದೇ 15 ಬೇರೆಯೇ ಥರ ಕೆಲಸ ಮಾಡುತ್ತದೆ. ನೋಡಬೇಕಾದದ್ದು ಡಾಲರ್ ಎಷ್ಟು ಎಂಬುದನ್ನಲ್ಲ, ಆ ಊರಿನ ಸಾಮಾನ್ಯ ಕೂಲಿಗೆ ಅದು ಎಷ್ಟು ಹತ್ತಿರ ಎಂಬುದನ್ನು.

ಇನ್ನೊಂದು ಗುಂಪಿನ ಲಾಭವೂ ಕಾಗದದ ಮೇಲಿನಷ್ಟು ಇರುವುದಿಲ್ಲ. ಸರ್ಕಾರದ ಆಹಾರ ನೆರವು ಪಡೆಯುವ ಕುಟುಂಬಗಳಿಗೆ ಗಳಿಕೆ ಏರಿದಂತೆ ನೆರವು ಇಳಿಯುತ್ತದೆ. ಕಡಿತಗಳೆಲ್ಲ ಹೋಗಿ ಲೆಕ್ಕಕ್ಕೆ ಬರುವ ಪ್ರತಿ ಡಾಲರಿಗೆ ಸುಮಾರು 30 ಸೆಂಟು ನೆರವು ಕಡಿಮೆ. ಬಾಡಿಗೆ, ಮಗುವಿನ ಆರೈಕೆಯ ನೆರವುಗಳಿಗೂ ಇಂಥದ್ದೇ ನಿಯಮಗಳಿವೆ. ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಿಗೂ, ಅಪ್ಪ ಅಮ್ಮನ ಮನೆಯಲ್ಲಿರುವ ಕಾಲೇಜು ಹುಡುಗನಿಗೂ ಗಂಟೆಗೆ ಒಂದೇ ಕೂಲಿ ಏರಿದರೂ ಕೈಯಲ್ಲಿ ಉಳಿಯುವುದು ಬೇರೆ ಬೇರೆ.

ಆಮೇಲೆ

15ರ ನಂತರ ದರ ಬೆಲೆಯೇರಿಕೆಯ ಜೊತೆ ಪ್ರತಿ ವರ್ಷ ಏರುತ್ತಾ ಹೋಯಿತು. 2024ರಲ್ಲಿ ದೊಡ್ಡ ಕಂಪನಿಗಳಿಗೆ 19.97, ಟಿಪ್ಸ್ ಅಥವಾ ವಿಮೆ ಇರುವ ಸಣ್ಣ ಕಂಪನಿಗಳಿಗೆ 17.25. ಸಣ್ಣವರಿಗೆ ಕೊಟ್ಟಿದ್ದ ರಿಯಾಯಿತಿಯ ಗಡುವು 2024ರ ಕೊನೆಗೆ ಮುಗಿಯಿತು. ಅದನ್ನು ಶಾಶ್ವತ ಮಾಡಬೇಕೆಂಬ ಪ್ರಸ್ತಾಪ ನಗರಸಭೆಯಲ್ಲಿ ಬಂತು, ಕೆಲಸಗಾರರ ವಿರೋಧದಿಂದ ನಿಂತುಹೋಯಿತು. 2025ರ ಜನವರಿ 1ರಿಂದ ಎಲ್ಲರಿಗೂ ಒಂದೇ ದರ, ಆ ವರ್ಷ ಅದು 20.76 ಇತ್ತು. ಸಣ್ಣ ರೆಸ್ಟೋರೆಂಟ್‌ಗಳಿಗೆ ಒಂದೇ ರಾತ್ರಿಯಲ್ಲಿ ಗಂಟೆಗೆ 3.51 ಡಾಲರ್ ಏರಿಕೆ. ಹತ್ತು ವರ್ಷ ಮುಂಚೆಯೇ ಗೊತ್ತಿದ್ದ ದಿನಾಂಕವಾದರೂ, ಬಂದಾಗ ಎಲ್ಲರೂ ಬೆಚ್ಚಿದರು.

ಈ ಹತ್ತು ವರ್ಷಗಳಲ್ಲಿ ಕೂಲಿ ಕಾನೂನಿನ ಹೊರಗೇ ಒಂದು ದೊಡ್ಡ ಗುಂಪು ಬೆಳೆಯಿತು. ಆಪ್ ಮೂಲಕ ಊಟ ತಲುಪಿಸುವವರು. ಅವರು ಕಾಗದದ ಮೇಲೆ ಯಾರ ನೌಕರರೂ ಅಲ್ಲ, ಹಾಗಾಗಿ 15 ಡಾಲರ್ ಅವರಿಗೆ ಅನ್ವಯಿಸಲಿಲ್ಲ. ಮೇಲೆ ಹೇಳಿದ ಅಧ್ಯಯನಗಳಲ್ಲೂ ಅವರಿಲ್ಲ. ಸಿಯಾಟಲ್ 2022ರಲ್ಲಿ ಅವರಿಗಾಗಿ ಬೇರೆ ಕಾನೂನು ಮಾಡಿತು. ಪ್ರತಿ ಡೆಲಿವರಿಗೆ ನಿಮಿಷ ಮತ್ತು ಮೈಲಿಯ ಲೆಕ್ಕದಲ್ಲಿ ಕನಿಷ್ಠ ಹಣ. 2024ರ ಜನವರಿಯಲ್ಲಿ ಜಾರಿಯಾಯಿತು. ದೊಡ್ಡ ಆಪ್‌ಗಳು ಪ್ರತಿ ಆರ್ಡರಿಗೆ ಸುಮಾರು 5 ಡಾಲರ್ ಹೊಸ ಶುಲ್ಕ ಸೇರಿಸಿದವು. ಡೆಲಿವರಿಗೆ ಸಿಗುವ ಹಣ ಏರಿತು. ಗಿರಾಕಿಗಳು ಟಿಪ್ಸ್ ಇಳಿಸಿದರು. ಒಬ್ಬೊಬ್ಬರಿಗೆ ಸಿಗುವ ಡೆಲಿವರಿಗಳೂ ಕಡಿಮೆಯಾದವು. ಒಂದು ಡೆಲಿವರಿಗೂ ಇನ್ನೊಂದಕ್ಕೂ ನಡುವೆ ಕಾಯುವ ಹೊತ್ತು ಜಾಸ್ತಿಯಾಯಿತು, ಮತ್ತು ಆ ಕಾಯುವ ಹೊತ್ತಿಗೆ ಕಾನೂನಿನಲ್ಲಿ ಕೂಲಿ ಇಲ್ಲ.